ಬಲಗಣ್ಣಿಗೆ ಮಾತ್ರ!

ಮೂಗಿನ ಆಚೆ ಒಂದು, ಈಚೆ ಒಂದು ಕಣ್ಣನ್ನು ದೇವರು ಇಟ್ಟದ್ದೇ ವೈದ್ಯಶಾಸ್ತ್ರದ ಅನುಕೂಲಕ್ಕೆ ಎಂದು ಕಾರವಾರದ ನಮ್ಮ ಡಾಕ್ಟರರಿಗೆ ನಾನು ಅಪ್ಪಣೆ ಕೊಡಿಸಿದೆ.

ಡಾಕ್ಟರರು ಕಣ್ಣುಬೇನೆಗೆ ಹೊಸ ಮದ್ದು ತಯಾರಿಸಿದ್ದರು. ಅದರ ಗುಣವನ್ನು ಮುಂಬಯಿಯ ವೈದ್ಯರ ಸಭೆಯಲ್ಲಿ ಸಾಬೀತು ಮಾಡಬೇಕಿತ್ತು. ನಾನೋ ಗಣಿತದ ಮಾಸ್ತರ. ಛತ್ರಿ ಹಿಡಿದುಕೊಂಡೇ ಛತ್ರಿ ಮರೆತೆನೇನೋ ಎಂದು ಚಿಂತಿಸುವ ಪ್ರಾಣಿ. ಆದರೆ ಲೆಕ್ಕದಲ್ಲಿ ನನಗೆ ಭಯವಿಲ್ಲ!

“ಒಬ್ಬನಿಗೆ ಮದ್ದು ಕೊಟ್ಟು ಇನ್ನೊಬ್ಬನ ಜೊತೆ ಹೋಲಿಸಿದರೆ ವಯಸ್ಸು ಬೇರೆ, ಒಲೆಯ ಹೊಗೆ ಬೇರೆ. ಅದರ ಬದಲು ಬಲಗಣ್ಣಿಗೆ ಮಾತ್ರ ಮದ್ದು ಬಿಡಿ. ತಿಂಗಳ ಮೇಲೆ ಬಲಗಣ್ಣಿನ ದೃಷ್ಟಿಯಿಂದ ಎಡಗಣ್ಣಿನದನ್ನು ಕಳೆಯೋಣ. ಉಳಿದದ್ದೇ ಮದ್ದಿನ ಗುಣ!” ಎಂದೆ.

ಹೇಳಿದಂತೆ ಕೇಳುವ ರೋಗಿಗಳು ಬೇಕಲ್ಲ? ಅಂಕೋಲೆಯ ನನ್ನ ಮಾವನ ಮನೆಯ ಕೇರಿಯಲ್ಲಿ, ಅತ್ತೆಯವರದೂ ಸೇರಿ, ವರ್ಷಗಳಿಂದ ನೀರು ಸುರಿಸುವ ಕಣ್ಣುಗಳಿಗೆ ಬರವಿರಲಿಲ್ಲ. ಬಾಟಲಿ ಹಂಚಿ, “ಬಲಗಣ್ಣಿಗೆ ಮಾತ್ರ!” ಎಂದು ಮನೆಮನೆಯಲ್ಲಿ ಭಾಷಣ ಬಿಗಿದು ಬಂದೆ.

ತಿಂಗಳ ನಂತರ ಡಾಕ್ಟರರನ್ನೂ ಹೆಂಡತಿಯನ್ನೂ ಕರೆದುಕೊಂಡು ಮಾವನ ಮನೆಗೇ ಹೋದೆ. ಗೋಡೆಗೆ ದೃಷ್ಟಿ ಪರೀಕ್ಷೆಯ ಕೊಕ್ಕೆ ಚಿತ್ರಗಳ ತಖ್ತೆ ತೂಗುಹಾಕಿ, ಕೊಕ್ಕೆಯ ಬಾಯಿ ಯಾವ ಕಡೆಗಿದೆ ಎಂದು ಒಂದೊಂದೇ ಕಣ್ಣಿನಿಂದ ಹೇಳಿಸಿದೆ. ಯಾರು ಎಷ್ಟು ಸಾಲು ನೋಡಿದರೆಂದು ಯೋಚಿಸಲಿಲ್ಲ. ನಾನು ವ್ಯತ್ಯಾಸದ ಉಪಾಸಕ! ಬಲದಿಂದ ಎಡ ಕಳೆದೆ. ಸೊನ್ನೆ. ಮುಂದಿನವರದೂ ಸೊನ್ನೆ. ಕೇರಿಗೆ ಕೇರಿಯೇ ಸೊನ್ನೆ!

“ಮಾಸ್ತರರೇ, ನಾಳೆ ಆಗಬೋಟು ಹತ್ತಬೇಕು! ಮುಂಬಯಿಗೆ ಸೊನ್ನೆ ಹೊತ್ತುಕೊಂಡು ಹೋಗಲೇ?” ಡಾಕ್ಟರರ ಮುಖ ಬಿಳುಚಿತು. ಅವರು ದವಾಖಾನೆ ಮುಚ್ಚುವುದು, ಇಡೀ ಕಾರವಾರ ಗೋಡೆ ತಡವಿಕೊಂಡು ನಡೆಯುವುದು, ಎಲ್ಲವೂ ನನ್ನ ಕಣ್ಣಮುಂದೆ ಬಂತು.

ಚಹಾ ತಂದ ನನ್ನ ಹೆಂಡತಿ, “ಎಂತಕ್ಕೆ ಹೆದರ್ತೀರಿ ಮಾರಾಯ್ರೆ? ಎಲ್ಲರ ಎರಡೂ ಕಣ್ಣು ಲಾಯ್ಕ ಆಗಿದ್ಯಲ್ಲ!” ಎಂದಳು.

“ಎರಡೂ?”

“ಮತ್ತೆಂತ ಮಾಸ್ತರೇ?” ಅತ್ತೆಯವರು ಮುಂದೆ ಬಂದರು. “ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಾಕೂ ಜನವೇ ನಾವು? ಎಡಗಣ್ಣು ಎಂತ ಪಾಪ ಮಾಡಿತ್ತು? ನೀವು ಗಡಬಡಿಲಿ ತಪ್ಪಿ ಹೇಳಿರ್ಬೇಕು ಅಂತ ಎರಡಕ್ಕೂ ಬಿಟ್ಟೆ. ಕೇರಿಯವ್ರಿಗೂ ಹಾಗೇ ಬಿಡೂಕೆ ಹೇಳಿದೆ!”

“ತಾಯೀ,” ಡಾಕ್ಟರರು ತಲೆಯ ಮೇಲೆ ಕೈಯಿಟ್ಟರು, “ಗುಣವಾದದ್ದು ಮದ್ದಿನಿಂದಲೋ ತಾನಾಗಿಯೋ ಎಂದು ನಾನೀಗ ಹೇಗೆ ಹೇಳಲಿ?”

“ಗುಣ ಆಯ್ತಲ್ಲ ಡಾಕ್ಟರೇ! ಮತ್ತೆ ಹೇಳೂದು ಎಂತಕ್ಕೆ?”

ನಾನು ಧೈರ್ಯ ತಂದುಕೊಂಡೆ. “ಡಾಕ್ಟರರೇ, ಒಂದೊಂದು ಕಣ್ಣನ್ನೂ ಒಬ್ಬೊಬ್ಬ ರೋಗಿ ಎಂದು ಎಣಿಸೋಣ. ಗುಣವಾದವರು ಇಮ್ಮಡಿ ಆಗುತ್ತಾರೆ. ಸಭೆ ಬೆರಗಾಗುತ್ತದೆ!”

“ಒಂದೇ ತಲೆಯ ಎರಡು ಕಣ್ಣು ಇಬ್ಬರು ಮನುಷ್ಯರೇನ್ರೀ? ಹಾಗಾದರೆ ನಿಮ್ಮ ಎರಡು ಕಿವಿಗೂ ನಾನು ಬೇರೆಬೇರೆ ಬೈಯಬೇಕಾಗುತ್ತದೆ!”

ಒಂದೇ ಸಲಕ್ಕೆ ಎರಡೂ ಕಿವಿಗೆ ಬೈದರು. ಮುಂಬಯಿ ಪ್ರಯಾಣ ರದ್ದಾಯಿತು.

ಅತ್ತೆಯವರಿಗೆ ಮರುಕ ಬಂತು. ಸಮಾಧಾನ ಹೇಳಲು ತೀರ ಹತ್ತಿರ ಬಂದು, ಹೊಸ ಕಣ್ಣುಗಳಿಂದ ನನ್ನ ಮುಖವನ್ನು ಮೊದಲ ಬಾರಿಗೆ ದಿಟ್ಟಿಸಿದರು. ಮತ್ತೆ ಮಗಳ ಕಡೆ ತಿರುಗಿದರು.

“ಅಯ್ಯೋ ದೇವರೇ! ನಿನ್ನ ಮದ್ವೆ ಮಾಡಿಕೊಡುವಾಗ ನನ್ನ ಕಣ್ಣು ಇಷ್ಟೊಂದು ಮಂಜಾಗಿತ್ತೇ ಮಗಾ?”