ಅಜ್ಜಿ ಕಣ್ಣು ಬಿಟ್ಟ ಫೋಟೋ

ಕುಮಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನಿಗೆ ನಗುವಿಗೆ ಬರಗಾಲವಿಲ್ಲ. ಹೊಸ ಕ್ಯಾಮೆರಾ ತಂದಾಗಲೆಲ್ಲ ಇನ್ನು ಎಲ್ಲ ಸಲೀಸು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಘನಾಶಿನಿ ಹೊಳೆದಂಡೆಯ ಅಜ್ಜಿಯೊಬ್ಬಳು ಬಂದು ಬುಟ್ಟಿ ಇಳಿಸುತ್ತಿದ್ದಳು. ಹೊಳೆಯಲ್ಲಿ ಮುಳುಗಿ ಚಿಪ್ಪಿಕಲ್ಲೆಂಬ ಚಿಪ್ಪುಮೀನು ತೆಗೆದು ಪೇಟೆಯಲ್ಲಿ ಮಾರುವವಳು. ಫ್ಲಾಶ್ ಬಿದ್ದರೆ ಸಾಕು, ಅವಳ ಕಣ್ಣು ಮುಚ್ಚಿಹೋಗುತ್ತಿತ್ತು. ಅವಳ ತಂಗಿಯ ಫೋಟೋ ಮಾತ್ರ ಒಂದೇ ಹೊಡೆತಕ್ಕೆ ಸರಿ ಬಂದು, ಕಟ್ಟು ಹಾಕಿಸಿಕೊಂಡು ಅವಳ ಮನೆ ಗೋಡೆ ಏರಿತ್ತು. ಅಜ್ಜಿಗೆ ಅದೇ ಉರಿ.

"ನಾ ಸತ್ತ ಮೇಲೂ ಗೋಡೆ ಮೇಲೆ ಕಣ್ಣ ಮುಚ್ಕಂಡೇ ಇರೂದಾ, ತಮಾ?"

ಕತ್ತಲೆ ಕೋಣೆ

ಆಗ ಕಪ್ಪು-ಬಿಳುಪು ಫೋಟೋವನ್ನು ನಾನೇ ತೊಳೆಯುತ್ತಿದ್ದೆ. ನೋಡಲೇಬೇಕೆಂದು ಅಜ್ಜಿಯೂ ಒಳಗೆ ಬಂದಳು. ಕೆಂಪು ದೀಪದಡಿ, ಟ್ರೇಯ ದ್ರಾವಣದಲ್ಲಿ ಖಾಲಿ ಕಾಗದ ಅದ್ದಿದೆ. ಮೊದಲು ಮೂಗುತಿ, ಆಮೇಲೆ ಮೂಗು, ಮೆಲ್ಲಗೆ ಇಡೀ ಮುಖವೇ ಎದ್ದು ಬಂತು. ಎಷ್ಟು ಸಲ ಕಂಡರೂ ಆ ಹೊತ್ತಿಗೆ ನನ್ನ ಮೈ ಜುಮ್ಮೆನ್ನುತ್ತಿತ್ತು. ಅಜ್ಜಿ ಕೈಮುಗಿದೇಬಿಟ್ಟಳು.

"ಕಣ್ಣು ಮುಚ್ಚಿದೆಯಲ್ಲ ಅಜ್ಜಿ," ಅಂದೆ.

"ಮತ್ತೆಂತ? ನೀರೊಳಗೆ ಮುಳುಗಿಸಿ ಕಣ್ಣ ಬಿಡು ಅಂದ್ರೆ ಬಿಡೂಕೆ ಆತದಾ?"

ಬಣ್ಣದ ರೋಲು

ಮುಂದಿನ ಸಲ ಬಣ್ಣದ್ದು. ಅಜ್ಜಿಯ ಎರಡು ಮೂರು ಫೋಟೋ ತೆಗೆದೆ. ರೋಲು ಮುಗಿಯದೆ ತೊಳೆಯಲು ಕಳಿಸುವಂತಿಲ್ಲ. ಮಳೆಗಾಲ, ಮದುವೆಯೂ ಇಲ್ಲ. ಅಜ್ಜಿ ದಿನಾ ಬಾಗಿಲಲ್ಲಿ ಇಣುಕಿ, "ನನ್ನ ಕಣ್ಣ ಬಂತಾ?" ಎಂದು ಕೇಳುವಳು. ಕೊನೆಗೆ ಹೊನ್ನಾವರದ ಒಂದು ಗೃಹಪ್ರವೇಶದಲ್ಲಿ ರೋಲು ಮುಗಿದು, ಲ್ಯಾಬಿಗೆ ಹೋಗಿ ಬಂತು. ಸೀರೆಯ ಬಣ್ಣ ಅದ್ಭುತ. ಕಣ್ಣು ಮಾತ್ರ ಗಟ್ಟಿ ಮುಚ್ಚಿತ್ತು.

ಅಜ್ಜಿ ನನ್ನನ್ನೇ ಬೈದಳು. "ಅಷ್ಟು ದಿನ ಕತ್ತಲೆ ಡಬ್ಬಿಯಲ್ಲಿ ಕೂಡಿ ಹಾಕಿದ್ರೆ ಯಾರಿಗಾದ್ರೂ ನಿದ್ದೆ ಬರೂದಿಲ್ವಾ?"

ಗೋಡೆಗೆ

ಡಿಜಿಟಲ್ ಬಂತು. ತೆಗೆದ ಕೂಡಲೇ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಬಹುದು. ನೋಡಿದೆವು: ಮುಚ್ಚಿದೆ. ಇನ್ನೊಂದು, ಮುಚ್ಚಿದೆ. ಬ್ಯಾಟರಿ ಸತ್ತಿತು, ಕಣ್ಣು ಬಿಡಲಿಲ್ಲ.

ಕಂಪ್ಯೂಟರಿನ ಮುಂದೆ ಕೂತೆ. ಅಜ್ಜಿಯ ತಂಗಿಯ ಹಳೇ ನೆಗೆಟಿವ್ ಸ್ಕ್ಯಾನ್ ಮಾಡಿ, ಅದರ ಕಣ್ಣು ತೆಗೆದು ಅಜ್ಜಿಯ ಮುಖಕ್ಕೆ ಕೂರಿಸಿದೆ. ಇಬ್ಬರದೂ ಒಂದೇ ಅಚ್ಚು. ಗೆರೆ, ನೆರಳು ಎಲ್ಲಾ ಕೂಡಿಕೊಂಡು ಅಜ್ಜಿ ಪರದೆಯಿಂದ ನನ್ನನ್ನೇ ನೋಡತೊಡಗಿದಾಗ ನನ್ನ ಕೈಚಳಕಕ್ಕೆ ನಾನೇ ಬೆರಗಾದೆ. ಹೆತ್ತ ತಾಯಿಗೂ ಗೊತ್ತಾಗದು ಎನಿಸಿತು.

ಅಜ್ಜಿ ಬಂದಳು. ಪರದೆಯನ್ನು ಒಮ್ಮೆ ಆಚೆಯಿಂದ, ಒಮ್ಮೆ ಈಚೆಯಿಂದ ನೋಡಿದಳು.

"ಇದು ನನ್ನ ತಂಗಿ ಕಣ್ಣು."

ನನ್ನ ಕೈಚಳಕ ಬಿಟ್ಟು ಈಗ ಅಜ್ಜಿಗೇ ಬೆರಗಾದೆ. "ಹೇಗೆ ಗೊತ್ತಾಯ್ತು ಅಜ್ಜಿ?"

"ಸಣ್ಣಿರುವಾಗಿಂದ ನನ್ನ ಹೀಗೇ ಗುರಾಯಿಸೂದು ಅವಳು. ನಂಗೆ ಗೊತ್ತಾಗ್ದೇ ಇರ್ತದಾ?"

ಮೋರೆ ಸಣ್ಣಗೆ ಮಾಡಿಕೊಂಡು ಅಳಿಸಲು ಹೊರಟೆ. ಅಜ್ಜಿ ನನ್ನ ಕೈ ಹಿಡಿದಳು.

"ತಡಿ, ಇರ್ಲಿ. ದೊಡ್ಡದು ಮಾಡಿ ಕಟ್ಟು ಹಾಕಿಸು. ನನ್ನ ಮನೆಗಲ್ಲ, ಅವಳ ಮನೆಗೆ. ಇನ್ನು ಮೇಲೆ ಗೋಡೆ ಮೇಲೆ ಕೂತು ನಾನೂ ಅವಳ್ನ ಹೀಗೇ ಗುರಾಯಿಸ್ತೆ."