ಪಾಲಕರ ಅನುಮತಿ ಬೇಕು

ಐನಾಪುರದಲ್ಲಿ ಬೆಳೆಗಳ ಔಷಧಿ ಅಂಗಡಿ ಇಟ್ಟಿದ್ದ ತವನಪ್ಪನವರು ಆ ಶುಕ್ರವಾರ ಸಂಜೆ ಮಗಳ ಶಾಲೆಯ ಪಾಲಕರ ಸಭೆ ಮುಗಿಸಿ ಮನೆಗೆ ಬಂದದ್ದು ನಡೆದುಕೊಂಡಲ್ಲ, ದಂಡೆತ್ತಿಕೊಂಡು! ಚಪ್ಪಲಿ ಬಿಡುವ ಮೊದಲೇ ಘೋಷಣೆ ಹೊರಟಿತು.

“ಇವತ್ತಿನಿಂದ ಈ ಮನ್ಯಾಗಿನ ಒಂದ ಮಾತೂ ಹೊರಗ ಹೋಗಂಗಿಲ್ಲ!”

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸುಗಂಧಾ ತಲೆ ಎತ್ತಲಿಲ್ಲ. “ಹಂಗಾದ್ರ ನೀವು ಕಟ್ಟಿ ಮ್ಯಾಲ ಕುಂದ್ರೂದ ಬಿಟ್ರಿ ಅನ್ರಿ.”

“ಚೇಷ್ಟಿ ಬ್ಯಾಡ. ಮೊಬೈಲಿನ ಮಾತ ಹೇಳಾಕತ್ತೀನಿ!”

ಮಕ್ಕಳ ಫೋನಿನಲ್ಲಿರುವ ಆ್ಯಪುಗಳು ಏನೇನು ಅನುಮತಿ ಪಡೆದುಕೊಂಡಿವೆ, ಒಮ್ಮೆ ತೆಗೆದು ನೋಡಿ ಎಂದಿದ್ದರು ಮಾಸ್ತರರು. ತವನಪ್ಪನವರು ಏಳನೆಯ ತರಗತಿಯ ಮೇಘಾಳ ಫೋನು ಕಸಿದುಕೊಂಡು ನೋಡಿದರು. ಚಿತ್ರಕ್ಕೆ ಬಣ್ಣ ತುಂಬುವ ಆ್ಯಪೊಂದು ಮೈಕು, ಕ್ಯಾಮೆರಾ, ಇರುವ ಜಾಗ, ಪರಿಚಯದವರ ನಂಬರು, ಎಲ್ಲವನ್ನೂ ನುಂಗಿ ಕುಳಿತಿತ್ತು!

“ನವಿಲಿಗೆ ಬಣ್ಣಾ ಹಚ್ಚಾಕ ಚಿಂಚಲಿ ಕುಸುಮತ್ತಿ ನಂಬರ ಯಾಕ ಬೇಕು?” ಎಂದು ಗುಡುಗಿದರು. ಕುಸುಮ ಅಂದರೆ ಅವರ ಅಕ್ಕ.

“ಆ ಆ್ಯಪ್ ಹಾಕಿಕೊಟ್ಟವ್ರು ನೀವ ಪಪ್ಪಾ. ಎಲ್ಲಾಕ್ಕೂ ‘ಹೂಂ’ ಅಂತ ಒತ್ತಿದವ್ರೂ ನೀವ,” ಎಂದಳು ಮೇಘಾ.

ಇಂಥ ಸಣ್ಣ ವಿವರಗಳಿಗೆ ದಂಡನಾಯಕರು ಕಿವಿಗೊಡುವುದುಂಟೇ? ಮಕ್ಕಳ ಫೋನನ್ನು ಪಾಲಕರ ಫೋನಿನಿಂದ ಕಾಯುವ ಇನ್ನೊಂದು ಆ್ಯಪನ್ನು ಎರಡೂ ಫೋನುಗಳಿಗೆ ಇಳಿಸಿಕೊಂಡರು. “ನಾ ಮಾಡ್ಲಿ ಪಪ್ಪಾ?” ಎಂದು ಮಗಳು ಮುಂದೆ ಬಂದಳು.

“ಸುಮ್ಮ ಕುಂದ್ರ! ಕಾಗವಾಡದಿಂದ ಅಥಣಿತನಕ ದ್ರಾಕ್ಷಿಗೆ ಬರೂ ರೋಗಾನೆಲ್ಲಾ ಹತೋಟ್ಯಾಗ ಇಟ್ಟಾಂವ ನಾ. ಅಂಗೈಯಷ್ಟ ಫೋನ್ ಯಾ ಲೆಕ್ಕ?”

ಅಷ್ಟರಲ್ಲಿ ಸುಗಂಧಾ ಊಟಕ್ಕೆ ಕರೆದಳು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ದಂಡಯಾತ್ರೆ ಅರ್ಧಕ್ಕೆ ನಿಂತಿತು. ಚಾಪೆಯ ಮೇಲೆ ಉಳಿದ ಎರಡು ಫೋನುಗಳು ಜೋಡಿ ಆಫರಿನಲ್ಲಿ ತಂದ ಅವಳಿ ಜವಳಿ. ಅದೇ ಬಣ್ಣ, ಅದೇ ಕವರು, ಪರದೆಯ ಮೇಲೆ ಅದೇ ಬಾಹುಬಲಿಯ ಚಿತ್ರ. ಉಂಡು ಬಂದ ತವನಪ್ಪನವರು ತೇಗುತ್ತಲೇ ಒಂದನ್ನು ಕೈಗೆತ್ತಿಕೊಂಡರು. ‘ಇದು ಮಗುವಿನ ಫೋನೇ?’ ಹೌದು! ‘ವಯಸ್ಸು?’ ಹನ್ನೆರಡು! ಮೈಕು ಬಂದ್, ಕ್ಯಾಮೆರಾ ಬಂದ್, ನಂಬರುಗಳ ಪಟ್ಟಿ ಬಂದ್. ಜಾಗ ಮಾತ್ರ ಪಾಲಕರಿಗೆ ಕಾಣುತ್ತಿರಲಿ! ಇನ್ನೊಂದು ಫೋನಿಗೆ ಪಾಲಕರ ಪಟ್ಟ!

“ಮುಗೀತು. ಇನ್ನ ಒಂದ ಇರುವಿ ಸೈತ ಒಳಗ ಬರಂಗಿಲ್ಲ,” ಎಂದು ಮೀಸೆ ತೀಡಿಕೊಂಡು, ಒಂದು ಫೋನನ್ನು ಮಗಳಿಗೆ ಕೊಟ್ಟು, ಇನ್ನೊಂದನ್ನು ಕಿಸೆಗಿಟ್ಟರು. ಕಿಸೆಗೆ ಹೋದದ್ದು ಅವರದೇ ಫೋನು; ಹನ್ನೆರಡು ವರ್ಷದ ಮಗುವಿನದೆಂದು ಬರೆಸಿಕೊಂಡದ್ದೂ ಅದೇ!

ಮರುದಿನ ಮಧ್ಯಾಹ್ನ ಔಷಧಿ ಸಿಂಪಡಿಸುವ ಪಂಪಿನ ನೋಝಲ್ ತರಲು ಬೈಕ್ ಹತ್ತಿ ಮಿರಜಿಗೆ ಹೋದರು. ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು. ಆದರೆ ಕಾಲುಗಳಿಗೆ ಬೇರೆ ಕೆಲಸವಿತ್ತು. ಅವು ಸೀದಾ ಸ್ಟೇಶನ್ ಹಿಂದಿನ ಬಟಾಟೆವಡೆಯ ಗಾಡಿಯ ಮುಂದೆ ಹೋಗಿ ನಿಂತವು. ಚಾತುರ್ಮಾಸದ ನಾಲ್ಕು ತಿಂಗಳು ಬಟಾಟೆಯಂಥ ಗಡ್ಡೆ ಮುಟ್ಟುವುದಿಲ್ಲವೆಂದು ಬಸದಿಯಲ್ಲಿ ಎಲ್ಲರೆದುರು ಎದ್ದು ನಿಂತು ಇದೇ ತವನಪ್ಪನವರು ನೇಮ ಹಿಡಿದು ಇನ್ನೂ ಹದಿನೈದು ದಿನ! ಆದರೆ ಮಿರಜ ಮಹಾರಾಷ್ಟ್ರ. ನೇಮಕ್ಕೂ ಒಂದು ಗಡಿ ಇರಬೇಕಲ್ಲ!

ಮೂರನೆಯ ವಡೆ ಬಾಯಲ್ಲಿದ್ದಾಗ ಕಾಗವಾಡದ ದ್ರಾಕ್ಷಿ ಬೆಳೆಗಾರ ಬಾಳಾಸಾಬನ ವಿಡಿಯೊ ಕರೆ ಬಂತು.

“ತವನಪ್ಪಣ್ಣಾ, ಎಲಿ ಮ್ಯಾಲ ಬೂಷ್ಟ ಬಂದೈತಿ, ನೋಡ್ರಿಲ್ಲಿ... ಹಲೋ? ಯಾಕ ಬರೇ ಕತ್ತಲೈತಿ? ಮಾತಾಡ್ರಿ!”

ತವನಪ್ಪನವರು ಮಾತಾಡಿದರು. ಕೂಗಿದರು. ಗಾಡಿಯವನು ಬೆಚ್ಚಿ ವಡೆ ಎತ್ತುವ ಝಾರಿ ಕೆಳಗಿಟ್ಟ. ಬಾಳಾಸಾಬನಿಗೆ ಮಾತ್ರ ಪಿಟ್ಟೆನ್ನುವ ಸದ್ದೂ ಮುಟ್ಟಲಿಲ್ಲ. ಕರೆ ಕಟ್ಟಾಯಿತು, ಪರದೆಯ ಮೇಲೆ ಅಕ್ಷರ ಮೂಡಿತು: ‘ಮೈಕ್ ಬಳಸಲು ನಿನ್ನ ಪಾಲಕರ ಅನುಮತಿ ಬೇಕು. ಕೇಳಲೇ?’

“ನಮ್ಮಪ್ಪ ತೀರಿಕೊಂಡ ಒಂಬತ್ತ ವರ್ಷ ಆತಲೇ, ಯಾರನ್ನ ಕೇಳತಿ?” ಎಂದು ಫೋನಿಗೇ ಬೈದು, ಬೇರೆ ಗುಂಡಿ ಕಾಣದೆ ‘ಕೇಳು’ ಎಂದು ಒತ್ತಿದರು. ನೆಟ್ವರ್ಕಿನ ದೋಷವೆಂದು ತೀರ್ಮಾನಿಸಿ ನಾಲ್ಕನೆಯ ವಡೆಗೆ ಕೈ ಹಾಕಿದರು.

ಇತ್ತ ನಡೆದದ್ದು ಅವರಿಗೆ ಆಮೇಲೆ ತಿಳಿಯಿತು. ‘ತವನಪ್ಪ ಫೋನ್ ಎತ್ತತಾರ, ಮಾತಾಡವಲ್ರು’ ಎಂದು ಬಾಳಾಸಾಬ ಅವರ ಪಕ್ಕದ ಅಂಗಡಿಗೆ ತಿಳಿಸಿದ. ಪಕ್ಕದ ಅಂಗಡಿಯಿಂದ ಹೊರಡುವಾಗ ಅದು ‘ಮಾತಾಡಾಕ ಬರವಲ್ದು’ ಎಂದಾಯಿತು. ಬೀದಿ ದಾಟುವಾಗ ಬಾಯಿ ಬಿತ್ತು. ಚಿಂಚಲಿಯ ಕುಸುಮಕ್ಕನನ್ನು ಮುಟ್ಟುವ ಹೊತ್ತಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಎರಡೂ ಹೋಗಿದ್ದವು!

ಐದನೆಯ ವಡೆಯ ಹೊತ್ತಿಗೆ ಸುಗಂಧಾಳ ಫೋನು ಬಂತು.

“ರೀ, ಎಲ್ಲಿ ಅದೀರಿ? ಒಮ್ಮಿ ಹೂಂ ಅನ್ರಿ. ಬರೇ ಹೂಂ ಅನ್ರಿ ಸಾಕು!” ಅಳುತ್ತಿದ್ದಳು.

ತವನಪ್ಪನವರು ಇಪ್ಪತ್ತು ಸಲ ಹೂಂ ಅಂದರು. ಒಂದೂ ಹೋಗಲಿಲ್ಲ. ಗಾಡಿಯವನ ಫೋನು ಬೇಡಿ ಪಡೆದರು. ಆದರೆ ಹೆಂಡತಿಯ ನಂಬರು ಬಾಯಿಪಾಠವಿಲ್ಲ, ತಮ್ಮ ಫೋನಿನಲ್ಲಿ ಕಂಡದ್ದು ‘ಮನಿ’ ಎಂಬ ಎರಡಕ್ಷರ ಮಾತ್ರ, ಪಟ್ಟಿಗೆ ತಾವೇ ಬೀಗ ಜಡಿದಿದ್ದಾರೆ! ಮನೆಯಲ್ಲಿ ಯಾರಿಗೆ ಏನಾಯಿತೋ! ವಡೆ ಬಿಟ್ಟು, ಬೈಕ್ ಒದ್ದು, ಕಾಗವಾಡ ಬಂದದ್ದೂ ದಾಟಿದ್ದೂ ತಿಳಿಯದಂತೆ ಊರು ಮುಟ್ಟಿದರು.

ಮನೆಯ ಮುಂದೆ ಅರ್ಧ ಊರು! ಒಳಗೆ ಕಾಲಿಡುವಷ್ಟರಲ್ಲಿ ಚಿಂಚಲಿಯಿಂದ ಬಂದಿದ್ದ ಕುಸುಮಕ್ಕ ಲಕ್ವಾಕ್ಕೆ ತಿಕ್ಕುವ ಎಣ್ಣೆ ಬಾಟಲಿ ಹಿಡಿದು ಹಾರಿ ಬಂದು ಗದ್ದ ಎತ್ತಿ ನೋಡಿದಳು.

“ಬಾಯಿ ನೆಟ್ಟಗ ಐತೆಲ್ಲೋ!”

“ನನಗೇನಾಗೇತಿ ಅಕ್ಕಾ?”

“ಮಾತಾಡಿದ್ರು! ಮಾತಾಡಿದ್ರು!” ಎಂದು ಓಣಿಯೇ ಕೂಗಿತು. ಸುಗಂಧಾ ಕಣ್ಣೊರೆಸಿಕೊಂಡು ಗಂಡನನ್ನು ಅಡಿಯಿಂದ ಮುಡಿಯತನಕ ನೋಡಿದಳು. ಎಲ್ಲ ಅಂಗಗಳೂ ಜಾಗದಲ್ಲೇ ಇದ್ದವು.

ಆಗ ಮೇಘಾ ಫೋನು ಹಿಡಿದುಕೊಂಡು ಕೋಣೆಯಿಂದ ಓಡಿ ಬಂದಳು. “ಮಮ್ಮಿ, ಈಗ ತಿಳೀತು! ಪಪ್ಪಾ ತಮ್ಮ ಫೋನನ್ನ ಮಗುವಿನ ಫೋನ್ ಮಾಡ್ಯಾರ. ನಾ ಅವರ ಪಾಲಕರು ಆಗೀನಿ! ಎಲ್ಲಿ ಹೋಗಿದ್ರು ಅನ್ನೂದೂ ತೋರಸಾಕತ್ತೈತಿ. ಮಿರಜ ಸ್ಟೇಶನ್ ಹಿಂದ, ಸ್ಪೆಶಲ್ ಬಟಾಟೆವಡೆ, ನಲವತ್ತ ನಿಮಿಷ.”

ಕುಸುಮಕ್ಕ ಮೆಲ್ಲಗೆ ಎಣ್ಣೆ ಬಾಟಲಿಯ ಮುಚ್ಚಳ ಹಾಕಿದಳು.

“ನಾ... ನೋಝಲ್ ತರಾಕ ಹೋಗಿದ್ನಿ,” ಎಂದರು ತವನಪ್ಪನವರು.

“ನೋಝಲ್ ಕರದ ಕೊಡತಾರನ್ರಿ ಅಲ್ಲಿ?” ಎಂದಳು ಸುಗಂಧಾ.

ತವನಪ್ಪನವರು ಮಗಳ ಕಡೆ ತಿರುಗಿ ಬೆಣ್ಣೆಯಂತಾದರು. “ಮೇಘವ್ವಾ, ಆಗಿದ್ದ ಆತು. ಆ ಮೈಕ್ ಒಂದ ಚಾಲೂ ಮಾಡವ್ವಾ. ನಾ ಮಾತಾಡ್ಲಿಲ್ಲಂದ್ರ ಅಂಗಡಿ ಹೆಂಗ ನಡೀತೈತಿ?”

ಮೇಘಾ ಪರದೆಯನ್ನು ಎಲ್ಲರಿಗೂ ಕೇಳುವಂತೆ ಓದಿದಳು: “‘ತವನಪ್ಪ, ವಯಸ್ಸು ಹನ್ನೆರಡು, ಮೈಕ್ ಬಳಸಲು ಅನುಮತಿ ಕೇಳುತ್ತಿದ್ದಾನೆ. ಕೊಡಬೇಕೆ, ಬೇಡವೆ?’ ಮಮ್ಮಿ, ಯಾವ್ದ ಒತ್ತಲಿ?”

“ತಾ ಇಲ್ಲೆ,” ಎಂದು ಸುಗಂಧಾ ಫೋನು ಇಸಿದುಕೊಂಡಳು. ಪರದೆಯನ್ನು ಹತ್ತಿರ ಹಿಡಿದು, ಎರಡು ಗುಂಡಿಗಳನ್ನೂ ಭಕ್ತಿಯಿಂದ ನೋಡಿದಳು.

“ಲಗ್ನಾಗಿ ಹದಿನೇಳ ವರ್ಷ ಆತು. ಇವರ ಬಾಯಿಗೆ ಇಂಥಾದೊಂದ ಗುಂಡಿ ಐತಿ ಅಂತ ನನಗ ಯಾರೂ ಹೇಳೇ ಇರಲಿಲ್ಲಲ್ಲಬೇ!”

ಅಂದವಳೇ ‘ಬೇಡ’ ಎಂಬುದರ ಮೇಲೆ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿದಳು.