ಎಡಗಡೆಯ ಬೆಂಚು

ಒಂದೇ ಕಿವಿಯಲ್ಲಿ ಮನೆ, ಶಾಲೆ, ಬಸ್ಸು, ಮದುವೆ ಎಲ್ಲವನ್ನೂ ಸುಧಾರಿಸುವವರಿಗೆ ಪೇಚಾಟಕ್ಕೆ ಬರಗಾಲ ಇಲ್ಲ ಮಾರಾಯ್ರೆ. ನನಗಂತೂ ವಾರಕ್ಕೊಂದು ಖಾಯಂ. ನಗುವುದಾದರೆ ನಗಿ, ನಾನು ಬೇಜಾರು ಮಾಡುವುದಿಲ್ಲ. ನಾನೂ ನಗುತ್ತಲೇ ಇಷ್ಟು ವರ್ಷ ಕಳೆದದ್ದು.

1. ತಲೆ ಸರಿ ಉಂಟು

ಕೇರಳಕ್ಕೆ ಸೇರಿದ ಪೈವಳಿಕೆ ಕಡೆಯ ಒಂದು ಶಾಲೆಯಲ್ಲಿ ನಾನು ಕನ್ನಡ ಮೀಡಿಯಂ ಐದನೇ ಕ್ಲಾಸಿನ ಟೀಚರು. ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಒಂದು ಜ್ವರ ಬಂತು, ಹೋಗುವಾಗ ಎಡಗಿವಿಯನ್ನೂ ಕರೆದುಕೊಂಡು ಹೋಯಿತು. ಬಲಗಿವಿಗೆ ಏನೂ ಆಗಿಲ್ಲ. ಆ ಕಡೆಯಿಂದ ಒಬ್ಬರೇ ಮಾತಾಡಿದರೆ ಪಿಸುಮಾತೂ ಕೇಳುತ್ತದೆ. ನಾಲ್ಕು ಜನ ಒಟ್ಟಿಗೆ ಬಾಯಿ ಬಿಟ್ಟರೆ ಮಾತ್ರ ಎಲ್ಲ ಕಲಸಿ ಗಂಜಿ.

ಕಾಸರಗೋಡಿನ ಕಿವಿ ಡಾಕ್ಟರು ಸಮಾಧಾನದಲ್ಲಿ ಕೂರಿಸಿ ವಿವರಿಸಿದರು. ಕಿವಿ ಶಬ್ದವನ್ನು ತಂದು ಹಾಕುವುದು ಮಾತ್ರ, ಬಿಡಿಸುವುದು ಮೆದುಳಿನ ಕೆಲಸವಂತೆ. ಯಾವ ಶಬ್ದ ಯಾವ ಕಿವಿಗೆ ಮೊದಲು ಮುಟ್ಟಿತು, ಯಾವುದಕ್ಕೆ ಜೋರಾಗಿ ಕೇಳಿತು ಎಂದು ಹೋಲಿಸಿ ನೋಡಿ, ಇದು ಗಂಡನ ಸ್ವರ, ಇದು ಮಿಕ್ಸಿ ಎಂದು ಬೇರೆ ಮಾಡುತ್ತದಂತೆ. ಒಂದೇ ಕಿವಿಯಾದರೆ ಒಂದೇ ಕೈಯಲ್ಲಿ ಹಗ್ಗದ ಗಂಟು ಬಿಚ್ಚಿದ ಹಾಗೆ. ಹಾಗಾದರೆ ನನ್ನ ತಲೆಗೆ ಎಂತ ತೊಂದರೆ ಇಲ್ಲವಲ್ಲ ಎಂದು ಕೇಳಿದೆ. ತಲೆ ಫಸ್ಟ್ ಕ್ಲಾಸ್ ಉಂಟು ಎಂದರು.

ಬರುವಾಗ ಬಸ್ಸಿನಲ್ಲಿ ಗಂಡನಿಗೆ ಹೆಮ್ಮೆಯಿಂದ ಹೇಳಿದೆ, ನನ್ನ ತಲೆ ಸರಿ ಉಂಟಂತೆ, ಡಾಕ್ಟರೇ ಹೇಳಿದ್ದಾರೆ ಎಂದು.

"ಅದಕ್ಕೆ ಇನ್ನೊಬ್ಬ ಡಾಕ್ಟರರನ್ನೂ ಒಮ್ಮೆ ಕೇಳುವ" ಎಂದರು.

ಅಷ್ಟು ಗಲಾಟೆಯ ಬಸ್ಸಿನಲ್ಲಿ ಆ ಒಂದು ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿತು.

2. ಯಾರದ್ದು ಫೋನು?

ಶಾಲೆಯಲ್ಲಿ ಮಾತ್ರ ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯ ಮಾಡಿದೆ. ಕನ್ನಡ ಮೀಡಿಯಂಗೆ ಮಕ್ಕಳು ಮೊದಲೇ ಕಡಿಮೆ. ಕಿವಿ ಕೇಳದ ಟೀಚರ ಕ್ಲಾಸಿಗೆ ಯಾರು ಮಕ್ಕಳನ್ನು ಕಳಿಸುತ್ತಾರೆ? ನಾಲ್ಕು ಮಕ್ಕಳು ಬೇರೆ ಶಾಲೆಗೆ ಹೋದರೆ ಸರಕಾರದ ಲೆಕ್ಕದಲ್ಲಿ ಆ ಡಿವಿಷನ್ ಕಟ್, ಡಿವಿಷನ್ ಕಟ್ ಆದರೆ ನನ್ನ ಕೆಲಸವೂ ಕಟ್. ಈ ಹೆದರಿಕೆ ಹೊಟ್ಟೆಯಲ್ಲಿಟ್ಟುಕೊಂಡೇ ದಿನಾ ಶಾಲೆಗೆ ಹೋಗುತ್ತಿದ್ದೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಮೀಟಿಂಗ್ ನಡೆಯುವಾಗ ಒಂದು ಫೋನು ಹೊಡೆದುಕೊಳ್ಳಲು ಶುರುವಾಯಿತು. ಒಂದು ಕಿವಿಯವರಿಗೆ ಶಬ್ದ ಕೇಳಿದರೂ ಯಾವ ದಿಕ್ಕಿನಿಂದ ಎಂದು ಗೊತ್ತಾಗುವುದಿಲ್ಲ. ನಾನು ಎದ್ದು ನಿಂತು, ಮೀಟಿಂಗಿಗೆ ಬರುವಾಗ ಫೋನು ಬಂದ್ ಮಾಡಬೇಕು, ಅಷ್ಟೂ ಮರ್ಯಾದೆ ಬೇಡವಾ, ಮಕ್ಕಳಿಗೆ ಎಂತ ಕಲಿಸುತ್ತೇವೆ ನಾವು ಎಂದು ಎಲ್ಲರಿಗೂ ಚೆನ್ನಾಗಿ ಕೊಟ್ಟೆ. ಎಲ್ಲರೂ ತಲೆ ತಗ್ಗಿಸಿದರು. ಹೆಡ್ ಮಾಷ್ಟ್ರು ಮಾತ್ರ ನನ್ನ ಎಡ ಹೆಗಲನ್ನೇ ನೋಡುತ್ತಿದ್ದರು.

"ಟೀಚರೇ, ಅಷ್ಟು ಬೈದದ್ದಕ್ಕೆ ಇನ್ನೊಂದು ಸ್ವಲ್ಪ ನಿಮ್ಮ ಬ್ಯಾಗಿಗೂ ಬೈಯಿರಿ" ಎಂದರು.

3. ಮದುವೆ ಮನೆಯ ಉಡುಗೊರೆ

ಮದುವೆ ಮನೆಯಲ್ಲಿ ನನ್ನ ಉಪಾಯ ಒಂದೇ. ಯಾರು ಎಂತ ಹೇಳಿದರೂ ನಕ್ಕು, ಹೌದು ಹೌದು, ಖಂಡಿತ ಎನ್ನುವುದು. ನಮ್ಮ ಶಾಲೆಯ ಅರಬಿಕ್ ಮಾಷ್ಟ್ರ ತಂಗಿಯ ಮದುವೆಯಲ್ಲಿ ಒಂದೆಡೆ ಹೆಂಗಸರು ಕೈ ತಟ್ಟಿ ಹೇಳುವ ಒಪ್ಪನೆ ಹಾಡು, ಒಂದೆಡೆ ಪ್ಲೇಟುಗಳ ಸದ್ದು, ನಡುವೆ ಮಾಷ್ಟ್ರ ತಾಯಿ, ಅವರ ಉಮ್ಮ, ನನ್ನ ಕೈ ಹಿಡಿದು ತುಂಬ ಹೊತ್ತು ಏನೋ ಹೇಳಿದರು. ನಾನು ಖಂಡಿತ ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ನನ್ನನ್ನು ಅಪ್ಪಿಕೊಂಡರು.

ಆದಿತ್ಯವಾರ ಬೆಳಿಗ್ಗೆ ಅರಬಿಕ್ ಮಾಷ್ಟ್ರು ಬೈಕಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ತಂದರು. ಒಳಗೆ ಮೂರು ಬೆಕ್ಕಿನ ಮರಿ. ಮೂರನ್ನೂ ಕಳಿಸಲಾ ಎಂದು ಉಮ್ಮ ಕೇಳಿದ್ದಕ್ಕೆ ನೀವು ಖಂಡಿತ ಎಂದಿರಂತೆ, ಉಮ್ಮ ನಿಮಗೆ ದಿನಾ ದುವಾ ಮಾಡುತ್ತಿದ್ದಾರೆ ಎಂದರು. ಇಲ್ಲ ಎನ್ನುವುದು ಹೇಗೆ?

ಆದರೆ ಆ ಮರಿಗಳ ಋಣ ನಾನು ತೀರಿಸಲಾರೆ. ಫೋನು ಹೊಡೆದುಕೊಂಡರೆ, ಗೇಟಿನಲ್ಲಿ ಯಾರಾದರೂ ಕರೆದರೆ, ಅವುಗಳ ಕಿವಿ ತಿರುಗಿದ ಕಡೆಗೆ ನಾನು ಹೋದರೆ ಸಾಕು. ಗಂಡ ಮಾತ್ರ ಅವತ್ತಿನಿಂದ ನನ್ನನ್ನು ಯಾವ ಮದುವೆಗೂ ಒಬ್ಬಳೇ ಬಿಡುವುದಿಲ್ಲ. ಒಂದು ದಿನ ಖಂಡಿತ ಎಂದು ಹೇಳಿ ತನ್ನನ್ನೂ ಯಾರಿಗಾದರೂ ಕೊಟ್ಟು ಬಂದಾಳು ಎಂಬ ಹೆದರಿಕೆಯಂತೆ.

4. ನಮ್ಮ ರೂಲು

ನನ್ನ ಕ್ಲಾಸಿನ ಶಿಸ್ತು ಇಡೀ ಶಾಲೆಗೆ ಪ್ರಸಿದ್ಧ. ಒಬ್ಬರ ಮಾತು ಮುಗಿಯದೆ ಇನ್ನೊಬ್ಬರು ಬಾಯಿ ತೆರೆಯುತ್ತಿರಲಿಲ್ಲ. ಎಲ್ಲ ನನ್ನ ಕಣ್ಣಿನ ಹೆದರಿಕೆ ಎಂದು ನಾನು ತಿಳಿದಿದ್ದೆ. ಬೋರ್ಡಿನ ಮುಂದೆ ನಿಂತರೆ ನನ್ನ ಎಡಗಡೆಗೆ ಬರುವ ಕಿಟಕಿ ಪಕ್ಕದ ಬೆಂಚಂತೂ ಮಹಾ ಪವಾಡ. ಎಂಥ ಪೋಕರಿಯನ್ನು ಅಲ್ಲಿ ಕೂರಿಸಿದರೂ ಆ ಕ್ಷಣದಿಂದ ಅವನ ಸದ್ದೇ ಇಲ್ಲ. ಕಿಟಕಿ ಗಾಳಿಗೆ ಮಕ್ಕಳ ಮನಸ್ಸು ತಂಪಾಗುತ್ತದೆ ಎಂದು ಬೇರೆ ಟೀಚರುಗಳಿಗೆ ಉಪದೇಶವನ್ನೂ ಕೊಟ್ಟಿದ್ದೆ. ಇಬ್ಬರು ತಮ್ಮ ಬೆಂಚುಗಳನ್ನು ಕಿಟಕಿ ಪಕ್ಕಕ್ಕೆ ಎಳೆಸಿದರು. ಅವರಿಗೆ ಯಾಕೋ ಪ್ರಯೋಜನ ಆಗಲಿಲ್ಲ.

ಒಂದು ವರ್ಷ ಎ.ಇ.ಒ. ಸಾರ್ ಶಾಲೆ ನೋಡಲು ಬಂದರು. ನಮ್ಮ ಉಪಜಿಲ್ಲೆಯ ಶಾಲೆಗಳಿಗೆಲ್ಲ ಅವರೇ ದೊಡ್ಡವರು. ಬಂದವರು ಸೀದಾ ಹೋಗಿ ಆ ಎಡಗಡೆ ಬೆಂಚಿನಲ್ಲೇ ಕೂತರು. ನನಗೆ ಖುಷಿ. ಭಿನ್ನರಾಶಿ ಲೆಕ್ಕ ಚೆನ್ನಾಗಿ ಮಾಡಿದೆ, ಮಕ್ಕಳು ಒಬ್ಬೊಬ್ಬರಾಗಿ ಉತ್ತರ ಕೊಟ್ಟರು. ಸಾರ್ ಯಾಕೋ ಕರ್ಚೀಫು ಬಾಯಿಗಿಟ್ಟು ಅಲುಗುತ್ತಿದ್ದರು. ಕೆಮ್ಮಿರಬೇಕು ಎಂದುಕೊಂಡೆ.

ಪಾಠ ಮುಗಿದ ಮೇಲೆ ಅವರು ಕಣ್ಣೊರೆಸಿಕೊಂಡು ಎದುರಿಗೆ ಬಂದರು. "ಈ ಬೆಂಚಿನವರು ನನ್ನ ಹೊಟ್ಟೆ, ನನ್ನ ಮೀಸೆ, ನಾನು ಮಧ್ಯಾಹ್ನ ಎಷ್ಟು ಊಟ ಮಾಡಿಯೇನು ಎಂದು ಪಾಠ ಮುಗಿಯುವ ತನಕ ಚರ್ಚೆ ಮಾಡಿದರು ಟೀಚರೇ" ಎಂದರು. ತಾನು ತಿರುಗಿ ನೋಡಿದಾಗ ಒಬ್ಬ ತನಗೂ ಧೈರ್ಯ ಹೇಳಿದ ಎಂದು ಆ ಹುಡುಗನ ಮಾತನ್ನು ಹಾಗೆಯೇ ಒಪ್ಪಿಸಿದರು. "ಸಾರ್, ನೀವೂ ಮಾತಾಡಿ. ಈ ಕಡೆ ಟೀಚರಿಗೆ ಕೇಳುದಿಲ್ಲ."

ಹೋಯಿತು ಕೆಲಸ ಎಂದುಕೊಂಡೆ. ಸಾರ್ ಕ್ಲಾಸ್ ಲೀಡರ್ ಹುಡುಗಿಯನ್ನು ಕರೆದು ಇದೆಲ್ಲ ಎಂತ ಎಂದು ಕೇಳಿದರು. ಅವಳು ಕೈಕಟ್ಟಿ ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಇಬ್ಬರು ಒಟ್ಟಿಗೆ ಮಾತಾಡಿದರೆ ಟೀಚರಿಗೆ ಕಷ್ಟ, ಹಾಗಾಗಿ ಒಬ್ಬೊಬ್ಬರೇ ಮಾತಾಡಬೇಕು, ಏನಾದರೂ ಕೇಳುವುದಿದ್ದರೆ ಬಲಗಡೆ ಹೋಗಿ ಕೇಳಬೇಕು ಎಂದು ಆರನೇ ಕ್ಲಾಸಿನ ಅಕ್ಕಂದಿರು ಮೊದಲ ದಿನವೇ ಹೇಳಿಕೊಟ್ಟಿದ್ದರಂತೆ. ಅವರಿಗೆ ಅವರ ಮೇಲಿನವರು. ಎಡಗಡೆ ಬೆಂಚು ವಾರಕ್ಕೆ ಐದು ಜನರಿಗೆ, ಸರದಿ ಪ್ರಕಾರ. ಸರದಿ ಬಂದವರು ನನ್ನೆದುರು ಸ್ವಲ್ಪ ಪೋಕರಿ ಮಾಡಿದರೆ ಸಾಕಂತೆ, ನಾನೇ ಕೊಂಡುಹೋಗಿ ಅಲ್ಲಿ ಕೂರಿಸುತ್ತೇನಂತೆ.

ಇದು ನಿಮ್ಮ ಮನೆಯಲ್ಲಿ ಗೊತ್ತುಂಟಾ ಎಂದು ಕೇಳಿದೆ.

"ಎಲ್ಲರಿಗೂ ಗೊತ್ತುಂಟು ಟೀಚರೇ. ಕಿವಿ ಒಂದಾದರೂ ಪಾಠ ಲಾಯ್ಕ ಮಾಡ್ತಾರೆ, ಅಲ್ಲಿಗೇ ಹೋಗು ಅಂತ ಅಮ್ಮ ಹೇಳಿದ್ದು."

ಇಷ್ಟು ವರ್ಷ ನಾನು ಯಾರಿಗೆ ಹೆದರಿದ್ದೆನೋ, ಅವರೇ ಗೊತ್ತಿದ್ದೂ ತಮ್ಮ ಮಕ್ಕಳನ್ನು ನನ್ನ ಮುಂದೆ ತಂದು ಕೂರಿಸಿದ್ದರು. ನಾನು ಬೋರ್ಡಿನ ಕಡೆ ತಿರುಗಿ, ಒರೆಸಿದ ಬೋರ್ಡನ್ನೇ ಮತ್ತೊಮ್ಮೆ ಒರೆಸಿದೆ. ಸಾರ್ ಶಾಲೆಯ ತಪಾಸಣೆ ಪುಸ್ತಕದಲ್ಲಿ, ತರಗತಿಯ ಶಿಸ್ತು ಅತ್ಯುತ್ತಮ, ಇದಕ್ಕೆ ಮಕ್ಕಳೇ ಕಾರಣ ಎಂದು ಬರೆದು ಸಹಿ ಹಾಕಿದರು. ನನ್ನ ಡಿವಿಷನ್ನಿಗೆ ಏನೂ ಆಗಲಿಲ್ಲ.

ಹೊರಡುವಾಗ ಸಾರ್ ನನ್ನ ಎಡಗಡೆ ನಿಂತು ಮಕ್ಕಳ ಕಡೆ ತಿರುಗಿ ಮೆಲ್ಲ ಏನೋ ಹೇಳಿದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನಗೆ ಒಂದಕ್ಷರ ಕೇಳಲಿಲ್ಲ. ಅವರು ಅಂಗಳ ದಾಟಿದ ಮೇಲೆ ಲೀಡರ್ ಹುಡುಗಿಯನ್ನು ಕರೆದು, ಸಾರ್ ಎಂತ ಹೇಳಿದ್ದು ಎಂದು ಕೇಳಿದೆ. ಅವಳು ಸರಿಯಾಗಿ ಸುತ್ತು ಹಾಕಿ ನನ್ನ ಬಲಗಡೆಗೆ ಬಂದು ನಿಂತಳು.

"ಎಡಗಡೆ ಹೇಳಿದ್ದನ್ನು ಟೀಚರಿಗೆ ಹೇಳುವ ಹಾಗಿಲ್ಲ. ಅದು ನಮ್ಮ ರೂಲು" ಎಂದಳು.